ಟ್ರಂಕಿನ ಕಾಳಯ್ಯ ಹೇಳಿದ ಹಡಗು

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಏಳಲಾಗದಿದ್ದರೆ ಮುಖ ಗಂಟುಹಾಕಿಕೊಂಡು ಕೂತಿರುತ್ತಿದ್ದೆ. ನಾನು ವಿಜ್ಞಾನದ ಮೇಷ್ಟ್ರು. ಗಾಳಿಗೂ ತೂಕವಿದೆ ಎಂದು ಹೊಳೆನರಸೀಪುರದ ಮಕ್ಕಳಿಗೆ ತಕ್ಕಡಿ ಕಟ್ಟಿ ತೋರಿಸಿದವನು. ಹುಣಸೆಮರದಲ್ಲಿ ದೆವ್ವ ಕಂಡೆ ಎಂದ ಹುಡುಗನನ್ನು ಅದೇ ಮರಕ್ಕೆ ಹತ್ತಿಸಿ, ‘ಎಲ್ಲಿದೆಯೋ, ತೋರಿಸು’ ಎಂದು ಕೆಳಗೆ ನಿಂತು ಗದರಿಸಿದವನು. ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಬಹುದು, ನಾನಾಗಿದ್ದರೂ ನಗುತ್ತಿದ್ದೆ. ಬರೆಯುವಾಗ ನನಗೆ ಭಯವೇನೂ ಆಗುತ್ತಿಲ್ಲ. ಸಿಟ್ಟು ಬರುತ್ತಿದೆ. ಒಂದು ಲೆಕ್ಕ ಬಿಡಿಸಲಾಗದೆ ಸ್ಲೇಟನ್ನು ಎತ್ತಿ ಹಾಕುವ ಹುಡುಗನಿಗೆ ಬರುತ್ತದಲ್ಲ, ಆ ಥರದ ಸಿಟ್ಟು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮೂರು ಅರಕಲಗೂಡಿಗೆ ಎರಡು ಮೈಲಿ. ರಾಗಿ, ಆಲೂಗೆಡ್ಡೆ ಬೆಳೆಯುವ ಮನೆ ನಮ್ಮದು. ಸಂಬಳದ ಕೆಲಸಕ್ಕೆ ಹೋದ ಮೊದಲನೆಯವನು ನಾನೇ, ಮನೆಗೆ ಹಿರಿಮಗನೂ ನಾನೇ. ಒಂದು ದಿನ ಪತ್ರಿಕೆಯಲ್ಲಿ ಪೂರ್ವ ಆಫ್ರಿಕದ ಶಾಲೆಗಳಿಗೆ ಮೇಷ್ಟ್ರುಗಳು ಬೇಕಾಗಿದ್ದಾರೆ ಎಂಬ ಜಾಹೀರಾತು ಕಂಡಿತು. ತಮಾಷೆಗೆ ಅರ್ಜಿ ಹಾಕಿದೆ ಎಂದು ಎಲ್ಲರಿಗೂ ಹೇಳಿದೆ. ಅದು ಸುಳ್ಳು. ನನಗೆ ಹೋಗಲೇಬೇಕೆಂಬ ಆಸೆ ಹುಚ್ಚಿನಂತೆ ಹಿಡಿದಿತ್ತು. ಮೂರು ತಿಂಗಳಿಗೆ ಕೆಲಸದ ಕಾಗದ ಬಂತು.

ನನ್ನ ಹೆಂಡತಿ ಜಯಮ್ಮನಿಗೆ ಅದನ್ನು ಓದಿ ಹೇಳಬೇಕಾಗಿರಲಿಲ್ಲ, ಅವಳೇ ಓದಿಕೊಂಡಳು. ಓದಿ ಮಡಿಸಿ ಕೊಟ್ಟು, ‘ಭಾಗ್ಯ?’ ಎಂದಳು. ಭಾಗ್ಯ ನಮ್ಮ ಮಗಳು, ಆಗ ಎರಡು ವರ್ಷ. ಅವಳಿಗಿಂತ ಮೊದಲು ಹುಟ್ಟಿದ ಇಬ್ಬರು ತಿಂಗಳು ತುಂಬುವುದರೊಳಗೆ ಹೋಗಿದ್ದರು. ಹಾಗಾಗಿ ಈ ಮಗು ಸೀನಿದರೂ ಮನೆಯವರೆಲ್ಲ ಕೆಲಸ ಬಿಟ್ಟು ತಿರುಗಿ ನೋಡುತ್ತಿದ್ದರು. ಒಂದು ವರ್ಷ ನೀವೊಬ್ಬರೇ ಹೋಗಿ ಬನ್ನಿ, ಇಲ್ಲವೇ ಮಗುವನ್ನು ಇಲ್ಲಿ ಬಿಟ್ಟು ನಾವಿಬ್ಬರೂ ಹೋಗೋಣ ಎಂದು ಜಯಮ್ಮ ಎಷ್ಟು ಬಗೆಯಲ್ಲಿ ಹೇಳಿದಳೋ! ಅವ್ವನೂ ಅದನ್ನೇ ಹೇಳಿದಳು.

‘ಲೇ, ಮಗೀನ ನನ್ ತಾವ ಬುಟ್ಟೋಗ್ಲಾ. ನೀವಿಬ್ರೂ ಅಲ್ಲಿ ಒಂದ್ ನೆಲೆ ಕಂಡ್‌ಮ್ಯಾಕೆ ಬಂದು ಕರ್ಕಂಡೋಗೀರಂತೆ. ಕಡ್ಲು ಅಂದ್ರೆ ನಮ್ಮೊಳೆ ಅನ್ಕಂಡಿದ್ದೀಯಾ?’

ನಾನು ಕೇಳಲಿಲ್ಲ. ಹೋದರೆ ಮೂವರೂ ಹೋಗಬೇಕು, ಅರ್ಧಂಬರ್ಧ ಕೆಲಸ ನನಗಾಗದು ಎಂದೆ. ನನ್ನ ಹಟ ಹಾಗೆ. ಮಗುವನ್ನು ಬಿಟ್ಟಿರಲಾರೆ ಎನ್ನುವುದೂ ಅದರಲ್ಲಿತ್ತು. ಆದರೆ ನನ್ನ ಮಾತೇ ನಡೆಯಬೇಕು ಎನ್ನುವುದು ಅದಕ್ಕಿಂತ ಹೆಚ್ಚಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆಮೇಲೆ ಶುರುವಾಯಿತು ನೋಡಿ ಉಪದೇಶ. ಹೇಮಾವತಿಯ ಹರಿಗೋಲಿಗಿಂತ ದೊಡ್ಡದನ್ನು ಕಾಣದವರೆಲ್ಲ ಹಡಗಿನಲ್ಲಿ ಹೇಗಿರಬೇಕೆಂದು ನನಗೆ ಹೇಳತೊಡಗಿದರು. ಒಬ್ಬರು ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದರು. ಇನ್ನೊಬ್ಬರು ಹೊಟ್ಟೆಗೆ ಬಿಗಿಯಾಗಿ ಪಂಚೆ ಸುತ್ತಿಕೊಳ್ಳಿ, ಕರುಳು ಕುಲುಕುವುದಿಲ್ಲ ಎಂದರು. ಮತ್ತೊಬ್ಬರು ಊರಿನ ಮಣ್ಣನ್ನು ನೀರಿಗೆ ಹಾಕಿ ಕುಡಿಯಿರಿ ಎಂದರು. ಪಾಸ್‌ಪೋರ್ಟಿಗೆ, ಸಿಡುಬಿನ ಚುಚ್ಚುಮದ್ದಿನ ಪತ್ರಕ್ಕೆ, ಅದಕ್ಕೆ ಇದಕ್ಕೆ ಎಂದು ಹಾಸನಕ್ಕೆ ಓಡಾಡಿ ನನ್ನ ಚಪ್ಪಲಿ ಸವೆದಿತ್ತು. ಬಸ್ಸಿನಲ್ಲಿ ಪಕ್ಕಕ್ಕೆ ಕೂತವನೂ ಬಿಡುತ್ತಿರಲಿಲ್ಲ. ಕೊನೆಗೆ ಎಲ್ಲರೂ ಹೇಳುತ್ತಿದ್ದುದು ಒಂದೇ ಮಾತು: ‘ಟ್ರಂಕಿನ ಕಾಳಯ್ಯನ್ನ ಕೇಳಿ ಮೇಷ್ಟ್ರೇ, ಹತ್ತನ್ನೊಂದು ಸಲ ಹಡಗಲ್ಲಿ ಹೋಗಿ ಬಂದಿರೋನು.’

ಕಾಳಯ್ಯ ಅರಕಲಗೂಡಿನ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ತಗಡಿನ ಟ್ರಂಕು ಮಾಡುತ್ತಿದ್ದ. ನುಗ್ಗೇಹಳ್ಳಿ ಕಡೆಯವನು, ಹೆಂಡತಿ ತೀರಿಕೊಂಡ ಮೇಲೆ ಇಲ್ಲಿಗೆ ಬಂದು ಅಂಗಡಿ ಹಾಕಿದ್ದ. ಟ್ರಂಕು ಕೊಳ್ಳುವವರು ಯಾರು? ಗಂಡನ ಮನೆಗೆ ಹೋಗುವ ಹುಡುಗಿ, ಹಾಸ್ಟೆಲಿಗೆ ಹೋಗುವವನು, ಮಿಲಿಟರಿಗೆ ಸೇರಿದವನು. ಊರು ಬಿಡುವ ಅವರಿಗೆಲ್ಲ ಟ್ರಂಕಿನ ಜೊತೆ ಎರಡು ಮಾತು ಬುದ್ಧಿಯನ್ನೂ ಕೊಟ್ಟು ಕಳಿಸುವುದು ಅವನ ರೂಢಿ. ಬಸ್ಸಿನಲ್ಲಿ ಯಾವ ಕಡೆ ಕೂತರೆ ಬಿಸಿಲು ಬೀಳುವುದಿಲ್ಲ, ಟ್ರಂಕಿನ ಚಿಲಕ ಯಾವ ಕಡೆಗಿರಬೇಕು, ಇಂಥವು. ಆದರೆ ಒಂದು ವರ್ಷದಿಂದ ಈಚೆಗೆ ಅವನು ಹಡಗಿನ ಮಾತನ್ನೇ ಆಡುತ್ತಿದ್ದನಂತೆ. ಬೀಡಿ ಹಚ್ಚಲು ಬಂದವರಿಗೂ ಹಡಗು, ಬಸ್ಸು ಕಾಯುವವರಿಗೂ ಹಡಗು.

ನಮ್ಮ ಜನರ ಸ್ವಭಾವ ನಿಮಗೆ ಗೊತ್ತಲ್ಲ. ಹೊಸಬ ಜಗಲಿಗೆ ಬಂದು ಕೂತರೆ ನೀರು ಕೊಡುವುದರೊಳಗೆ ಅವನ ಊರು, ಕುಲ, ತಾಯಿಯ ತವರು, ಹೊಲ ಎಷ್ಟು ಎಂಬುದನ್ನೆಲ್ಲ ಹೊರಗೆ ತೆಗೆಯುತ್ತೇವೆ. ಅಂಥ ಜನ ಈ ಮನುಷ್ಯನನ್ನು ‘ನೀನು ಹಡಗು ಹತ್ತಿದ್ದು ಯಾವಾಗಪ್ಪಾ, ಎಲ್ಲಿಗೆ ಹೋಗಿದ್ದೆ?’ ಎಂದು ಒಂದು ದಿನವೂ ಕೇಳಲಿಲ್ಲ. ಇಷ್ಟು ಖಚಿತವಾಗಿ ಹೇಳುತ್ತಾನೆಂದರೆ ಹೋಗಿಯೇ ಬಂದಿರಬೇಕು ಎಂದುಕೊಂಡರು. ಹತ್ತನ್ನೊಂದು ಸಲ ಎಂಬುದನ್ನು ಯಾರು ಸೇರಿಸಿದರೋ. ಓದಿದವನು ನಾನು, ನಾನೂ ಕೇಳಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಜಯಮ್ಮನನ್ನೂ ಮಗುವನ್ನೂ ಕರೆದುಕೊಂಡು ಅವನ ಅಂಗಡಿಗೆ ಹೋದೆ. ಟ್ರಂಕಂತೂ ಬೇಕೇ ಇತ್ತು. ಕಾಳಯ್ಯ ಸುತ್ತಿಗೆ ಕೆಳಗಿಟ್ಟು ನನ್ನ ಮುಖವನ್ನೂ, ಜಯಮ್ಮನನ್ನೂ, ಅವಳ ಸೊಂಟದ ಮೇಲಿನ ಮಗುವನ್ನೂ ನೋಡಿದ.

‘ಬಂದ್ರಾ ಸಾ?’ ಎಂದ. ‘ಮೇಷ್ಟ್ರಲ್ವಾ? ಹಡಗ್ನಾಗೆ ಓಗೋರು?’

ಊರೆಲ್ಲ ಸುದ್ದಿಯಾಗಿತ್ತು, ಅದರಲ್ಲಿ ವಿಶೇಷವೇನಿಲ್ಲ ಎಂದುಕೊಂಡೆ. ಅವನು ನಮ್ಮನ್ನು ಕೂರಿಸಿ, ಟ್ರಂಕಿನ ಮಾತನ್ನೇ ಎತ್ತದೆ, ಕಣ್ಣು ಮುಚ್ಚಿಕೊಂಡು ಶುರುಮಾಡಿದ.

‘ಹಡ್ಗು ಹತ್ತುತ್ಲೂ ಜನ ಎಲ್ಲಾ ಬಲಕ್ಕೆ ನುಗ್ತಾರೆ. ನೀವು ಎಡಕ್ಕೋಗಿ. ಎಲ್ಡ್ನೇ ಮೆಟ್ಲು ಇಳೀರಿ. ಅಲ್ಲಿ ಕಬ್ಬಿಣದ ಏಣಿ ಕೆಳ್ಗೆ ಮೂರ್ ಜನ ಮಲಗೋವಷ್ಟು ಜಾಗ ಐತೆ. ಗಾಳಿ ಬತ್ತದೆ, ನೀರ್ ಬರಾಕಿಲ್ಲ. ನಲ್ಲಿ ನಾಕವೆ, ಮೂರ್ನೇದ್ರಾಗೆ ಸೀನೀರು, ಮಿಕ್ಕಿದ್ದೆಲ್ಲಾ ಉಪ್ಪು. ಊಟದ ಗಂಟೆ ಒಡುದ್ರೆ ಓಡ್ಬೇಡಿ. ಎಲ್ಡ್ನೇ ಗಂಟೆಗೋಗಿ, ಬಿಸಿ ಅನ್ನ ಸಿಕ್ತದೆ. ವಾಂತಿ ಬಂದ್ರೆ ಮಲಕ್ಕಬೇಡಿ. ಹಡ್ಗಿನ ನಡುಮದ್ದೆ ಕೂತ್ಕಂಡು ಆಕಾಸ ನೀರು ಸೇರೋ ಗೆರೆ ನೋಡ್ತಾ ಇರಿ. ಬರೀ ಪುರಿ ತಿನ್ನಿ, ನಿಂಬೆಕಾಯಿ ಉಪ್ಪಿನಕಾಯಿ ನೆಕ್ಕಿ.’

‘ಎಲ್ಲ ಹಡಗುಗಳಲ್ಲೂ ನಲ್ಲಿ ಹಾಗೇ ಇರುತ್ತವೇನಯ್ಯ?’ ಎಂದೆ.

‘ಮದ್ದೆ ಬಾಯಾಕ್ಬೇಡಿ ಸಾ, ಕಲಸೋಯ್ತದೆ’ ಎಂದು ರೇಗಿ, ಮತ್ತೆ ‘ಹಡ್ಗು ಹತ್ತುತ್ಲೂ’ ಎಂಬಲ್ಲಿಂದ ಮೊದಲು ಮಾಡಿದ. ನನಗೆ ಮೈ ಉರಿಯಿತು. ಮಗ್ಗಿ ಒಪ್ಪಿಸುವ ಹುಡುಗನನ್ನು ತಡೆದರೆ ಹೀಗೆ ಆಗುತ್ತದೆ, ಆದರೆ ಇವನಿಗೆ ಐವತ್ತು ದಾಟಿತ್ತು. ಎರಡನೆಯ ಸಲ ಕೇಳಿದ ಮೇಲೆ ಮುಂದಿನ ಭಾಗ ಬಂತು.

‘ಅಡುಗೆಯೋರಲ್ಲಿ ಒಬ್ಬ ಅವ್ನೆ, ಎಡಗಿವಿ ಅರ್ಧ ಇಲ್ಲ. ಅವ್ನಿಗೆ ರಾಮನಾಥಪುರದ ಒಗೆಸೊಪ್ಪು ಕೊಡಿ, ಕೇಳ್ದಾಗೆಲ್ಲ ಬಿಸ್ನೀರು ಕೊಡ್ತಾನೆ. ನಾಕ್ನೇ ದಿನ ಮದ್ಯಾನ ಹಡ್ಗು ಒಂದ್ ಕಡೀಕೆ ವಾಲ್ತದೆ. ಬೆಳಿಗ್ಗೇನೇ ಟ್ರಂಕ್ನ ಕಂಬಕ್ಕೆ ಬಿಗಿದ್ಬುಡಿ. ಅಷ್ಟೇಯ.’

ಹೇಳಿ ಮುಗಿಸಿ ದೊಡ್ಡ ಹೊರೆ ಇಳಿಸಿದವನಂತೆ ಉಸಿರು ಬಿಟ್ಟ. ನಾಲ್ಕನೆಯ ದಿನವೇ ವಾಲುತ್ತದೆಂದು ಹೇಗೆ ಗೊತ್ತು ಎಂದು ಕೇಳಿದರೆ, ‘ಅದೆಲ್ಲಾ ನಂಗ್ಯಾಕ್ ಸಾ, ಏಳಿದ್ದೀನಲ್ಲ’ ಎಂದು ಟ್ರಂಕು ಎತ್ತಿ ಕೊಟ್ಟ.

ನನಗೆ ಅವನ ಮೇಲೆ ಬೇಸರವಾಗಿದ್ದರೂ ಜಯಮ್ಮನಿಗೆ ಆದದ್ದು ಬೇರೆ. ಅಷ್ಟು ಸಲ ಹೋಗಿ ಬಂದವರು ನಲ್ಲಿಯ ಲೆಕ್ಕ ಸಮೇತ ಹೇಳುತ್ತಾರೆ, ಹಾಗಾದರೆ ಅದೂ ನಮ್ಮಂಥ ಜನ ಇರುವ ಜಾಗವೇ ಎಂದು ಅವಳಿಗೆ ಧೈರ್ಯ ಬಂದಿತ್ತು. ಮನೆಗೆ ಹೋಗುವಾಗ ಗಾಡಿಯಲ್ಲಿ, ‘ಸರಿ ರೀ, ಭಾಗ್ಯನ್ನ ಕರ್ಕೊಂಡೇ ಹೋಗೋಣ’ ಎಂದಳು. ಎರಡು ತಿಂಗಳು ನಾನು ವಾದಿಸಿ ಆಗದ್ದು ಕಾಳಯ್ಯನಿಂದ ಒಂದು ಗಂಟೆಯಲ್ಲಿ ಆಯಿತು. ಗೆದ್ದೆ ಎಂದು ಹಿಗ್ಗಿದೆ.

ಎರಡು ತಿಂಗಳ ಮೇಲೆ ಹೊಳೆನರಸೀಪುರದಲ್ಲಿ ರೈಲು ಹತ್ತಿ, ಅರಸೀಕೆರೆಯಲ್ಲಿ ಬದಲಾಯಿಸಿ, ಪುಣೆಯ ಮೇಲೆ ಬೊಂಬಾಯಿಗೆ ಹೋದೆವು. ಬಂದರಿನಲ್ಲಿ ಹಡಗನ್ನು ನೋಡಿ ಭಾಗ್ಯ ‘ಮನೆ, ಮನೆ’ ಎಂದಳು. ನಮ್ಮದು ಅಗ್ಗದ ದರ್ಜೆ. ಹಾಸಿಗೆ ನಾವೇ ಒಯ್ಯಬೇಕು, ಜಾಗ ನಾವೇ ಹಿಡಿಯಬೇಕು. ಮೇಲೆ ಹತ್ತಿದ ಕೂಡಲೆ ಜನವೆಲ್ಲ ಒಬ್ಬರನ್ನೊಬ್ಬರು ತಳ್ಳುತ್ತ ಬಲಕ್ಕೆ ನುಗ್ಗಿದರು. ಜಯಮ್ಮ ನನ್ನ ತೋಳು ಹಿಡಿದು ಎಡಕ್ಕೆ ಎಳೆದಳು. ಎರಡನೆಯ ಮೆಟ್ಟಿಲು ಇಳಿದರೆ ಕಬ್ಬಿಣದ ಏಣಿ ಇತ್ತು. ಕೆಳಗೆ ಮೂವರು ಮಲಗುವಷ್ಟು ಜಾಗ ಖಾಲಿ ಬಿದ್ದಿತ್ತು. ಮೂರನೆಯ ನಲ್ಲಿಯಲ್ಲಿ ಸಿಹಿನೀರು ಬಂತು. ಎರಡನೆಯ ಗಂಟೆಗೆ ಹೋದವರಿಗೆ ಬಿಸಿ ಅನ್ನ ಸಿಕ್ಕಿತು.

ಇದರಲ್ಲಿ ನನಗೆ ವಿಚಿತ್ರವೇನೂ ಕಾಣಲಿಲ್ಲ. ಇದೇ ಹಡಗಿನಲ್ಲಿ ಕಾಳಯ್ಯ ಓಡಾಡಿದ್ದಾನೆ, ಗೊತ್ತಿದೆ, ಹೇಳಿದ್ದಾನೆ ಎಂದುಕೊಂಡೆ. ನಮ್ಮ ಪಕ್ಕಕ್ಕೆ ಒಬ್ಬ ಗುಜರಾತಿ ಹೆಂಗಸು ಇದ್ದರು. ಮೊಂಬಾಸದಲ್ಲಿ ಅವರ ಗಂಡನ ಅಂಗಡಿ, ಇದು ಅವರ ಏಳನೆಯ ಪ್ರಯಾಣ. ಅವರೂ ಹರಕು ಮುರುಕು ಹಿಂದಿಯಲ್ಲಿ ನಮಗೆ ಬೇಕಾದಷ್ಟು ಬುದ್ಧಿ ಹೇಳಿದರು. ಖಾಲಿ ಹೊಟ್ಟೆಯಲ್ಲಿರಬೇಡಿ, ಅಡುಗೆಮನೆಯ ವಾಸನೆ ಬರುವ ಕಡೆ ಹೋಗಬೇಡಿ, ಒದ್ದೆ ಬಟ್ಟೆಯನ್ನು ಒಳಗೆ ಹರವಬೇಡಿ, ಶುಂಠಿ ಬಾಯಲ್ಲಿಟ್ಟುಕೊಳ್ಳಿ. ಹಲವು ಸಲ ಹೋದವರು ಸಾಮಾನ್ಯವಾಗಿ ಹೇಳುವ ಮಾತುಗಳು. ಆದರೆ ಆ ಏಣಿ ಕೆಳಗಿನ ಜಾಗ ಅವರಿಗೂ ಗೊತ್ತಿರಲಿಲ್ಲ.

ಎರಡನೆಯ ದಿನ ಜಯಮ್ಮನಿಗೆ ವಾಂತಿ ಜೋರಾಯಿತು. ಅವಳನ್ನು ಹಡಗಿನ ನಡುವೆ ಕೂರಿಸಿ, ಮಗುವಿನ ಹಾಲಿನ ಪುಡಿಗೆ ಬಿಸಿನೀರು ತರಲು ಅಡುಗೆಮನೆಗೆ ಹೋದೆ. ಬಾಗಿಲಲ್ಲಿ ನಿಂತವನ ಎಡಗಿವಿ ಅರ್ಧ ಇರಲಿಲ್ಲ. ಹೊಗೆಸೊಪ್ಪು ಕೊಟ್ಟೆ. ಮೂಸಿ ನೋಡಿ ಮುಖ ಅರಳಿಸಿ ಬಿಸಿನೀರು ತುಂಬಿಕೊಟ್ಟ. ಕಾಳಯ್ಯನ ಪರಿಚಯ ಹೇಳೋಣವೆಂದು ‘ಈ ಹಡಗಿನಲ್ಲಿ ಎಷ್ಟು ವರ್ಷದಿಂದ ಇದ್ದೀಯ?’ ಎಂದು ಕೇಳಿದೆ. ಇದೇ ಮೊದಲ ಸಲ ಸಾಹೇಬ್, ಎಂದ. ಅಲ್ಲಿಯವರೆಗೆ ಅವನು ಇದ್ದದ್ದು ಬೇರೆ ದಾರಿಯ ಸರಕಿನ ಹಡಗಿನಲ್ಲಿ. ಇಲ್ಲಿನ ಅಡುಗೆಯವನು ಕಾಯಿಲೆ ಬಿದ್ದನೆಂದು ಹೊರಡುವ ಮುನ್ನಾ ದಿನ ಇವನನ್ನು ಕರೆದಿದ್ದರು.

ಬಿಸಿನೀರಿನ ಚೆಂಬು ಹಿಡಿದು ಅಲ್ಲೇ ನಿಂತುಬಿಟ್ಟೆ. ಕಾಳಯ್ಯ ಈ ಕಿವಿಯ ಮಾತು ಹೇಳಿ ಎರಡು ತಿಂಗಳಾಗಿತ್ತು. ಲೆಕ್ಕ ಎಲ್ಲಿ ತಪ್ಪಿತು ಎಂದು ಹಿಂದಕ್ಕೂ ಮುಂದಕ್ಕೂ ಎಣಿಸಿದೆ. ತಪ್ಪಿರಲಿಲ್ಲ. ಜಯಮ್ಮನಿಗೆ ಹೇಳಿದರೆ ಹೆದರಿಯಾಳು ಎಂದು ಸುಮ್ಮನಾದೆ. ಆ ರಾತ್ರಿಯೆಲ್ಲ ಕಾಳಯ್ಯನ ಮೇಲೆ ಕೋಪ. ಹೇಳುವುದಾದರೆ ಸರಿಯಾಗಿ ಹೇಳಬೇಕಿತ್ತು, ಇದೆಂಥ ಒಗಟು!

ನಾಲ್ಕನೆಯ ದಿನ ಬೆಳಿಗ್ಗೆ ಕಡಲು ಕೆರೆಯಷ್ಟು ತಣ್ಣಗಿತ್ತು. ನಾನು ಹಗ್ಗ ತೆಗೆದು ಟ್ರಂಕನ್ನು ಕಂಬಕ್ಕೆ ಬಿಗಿಯುವಾಗ ಗುಜರಾತಿ ಹೆಂಗಸು ನಕ್ಕರು. ಮಧ್ಯಾಹ್ನ ಊಟವಾಗಿ ಎಲ್ಲರೂ ಅಡ್ಡಾಗಿದ್ದಾಗ ಹಡಗು ಒಂದು ಕಡೆಗೆ ವಾಲಿತು. ಎಲ್ಲರ ಟ್ರಂಕು, ಗಂಟು, ಪಾತ್ರೆಗಳೂ ಜಾರಿ ಆ ಕಡೆಯ ಗೋಡೆಗೆ ಬಡಿದವು. ನಮ್ಮದೊಂದು ಅಲ್ಲಾಡಲಿಲ್ಲ. ಅವರ ಉಪ್ಪಿನಕಾಯಿಯ ಜಾಡಿ ಒಡೆದು ಎಣ್ಣೆಯೆಲ್ಲ ಹಾಸಿಗೆಯ ಮೇಲೆ ಹರಿದಿತ್ತು. ಒರೆಸುತ್ತ ನನ್ನನ್ನು, ‘ನೀವು ಎಷ್ಟನೆಯ ಸಲ ಬರುತ್ತಿದ್ದೀರಿ?’ ಎಂದು ಕೇಳಿದರು.

ಆ ಸಂಜೆ ಜಯಮ್ಮ ಮಗುವಿನ ತಲೆ ಬಾಚುತ್ತಾ ಇದ್ದವಳು ಕೈ ನಿಲ್ಲಿಸಿ, ‘ಅಲ್ಲಾ ರೀ, ಕಾಳಯ್ಯ ನಮ್ಮಿಬ್ಬರಿಗೆ ಬೇಕಾದ್ದೆಲ್ಲ ಹೇಳಿದ್ರು. ಮಗೂಗೆ ಅಂತ ಒಂದೂ ಹೇಳಲಿಲ್ಲ, ನೋಡಿದ್ರಾ?’ ಎಂದಳು. ಗಂಡಸರಿಗೆ ಮಕ್ಕಳ ವಿಷಯ ಎಲ್ಲಿ ತಿಳಿಯುತ್ತೆ ಎಂದು ನಾನು ಹಾರಿಸಿಬಿಟ್ಟೆ.

ಮಾರನೆಯ ದಿನ ಭಾಗ್ಯನಿಗೆ ಜ್ವರ ಬಂತು. ಅದರ ಮಾರನೆಯ ದಿನ ಮೈಯೆಲ್ಲ ಕೆಂಪಗೆ ದಡಾರ ಎದ್ದಿತು. ಹಡಗಿನಲ್ಲಿ ಇನ್ನೂ ನಾಲ್ಕು ಮಕ್ಕಳಿಗೆ ಬಂದಿತ್ತು. ಡಾಕ್ಟರು ಹಗಲು ರಾತ್ರಿ ಬಂದು ನೋಡಿದರು, ಕೈಲಾದದ್ದನ್ನೆಲ್ಲ ಮಾಡಿದರು. ಅರ್ಧ ಕಿವಿಯವನು ಕೇಳದಿದ್ದರೂ ಬಿಸಿನೀರು ತಂದಿಟ್ಟ. ಉಳಿದ ಮಕ್ಕಳು ಗುಣವಾದವು. ನಮ್ಮ ಮಗು ಹಡಗು ಹತ್ತಿದ ಏಳನೆಯ ದಿನ ಮಧ್ಯಾಹ್ನ ಹೋಯಿತು.

ದಡ ಇನ್ನೂ ದೂರವಿತ್ತು. ಅಲ್ಲಿಯವರೆಗೆ ಇಟ್ಟುಕೊಳ್ಳಲಾಗದು ಎಂದರು. ದಪ್ಪ ಬಟ್ಟೆಯಲ್ಲಿ ಹೊಲಿದು ಕೊಟ್ಟರು. ಆಮೇಲಿನದನ್ನು ನಾನು ಬರೆಯುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ನಮ್ಮ ಕಡೆ ಮಗು ಹೋದರೆ ಹೊಲದ ಬದುವಿನಲ್ಲಾದರೂ ಒಂದು ಜಾಗವಿರುತ್ತದೆ. ಉಳುವಾಗ ಅಷ್ಟು ಬಿಟ್ಟು ಉಳುತ್ತಾರೆ. ಜಯಮ್ಮ ಹಡಗಿನ ಕಟಕಟೆ ಹಿಡಿದುಕೊಂಡು, ‘ಇದು ಯಾವ ಜಾಗ, ಗುರುತು ಕೇಳಿ, ಬರಕೊಳ್ಳಿ’ ಎಂದು ನನ್ನನ್ನು ಹಿಡಿದು ಅಲ್ಲಾಡಿಸುತ್ತಿದ್ದಳು. ನೀರಿನ ಮೇಲೆ ಏನು ಗುರುತು ಕೇಳಲಿ? ಹಡಗು ನಿಲ್ಲಲೂ ಇಲ್ಲ.

ಆಫ್ರಿಕದಲ್ಲಿ ಐದು ವರ್ಷ ಪಾಠ ಹೇಳಿದೆ. ಮೂವತ್ತೈದಕ್ಕೇ ತಲೆ ಪೂರ್ತಿ ನರೆಯಿತು. ಕನ್ನಡಕ ಬಂತು. ಪ್ರಯೋಗಶಾಲೆಯಲ್ಲಿ ಸ್ಪಿರಿಟ್ ದೀಪ ಭಗ್ಗೆಂದು ಎಡಗೈ ಸುಟ್ಟು, ಮಣಿಕಟ್ಟಿನಿಂದ ಬೆರಳಿನ ಬುಡದವರೆಗೆ ಚರ್ಮ ಸುಕ್ಕುಗಟ್ಟಿ ಉಳಿಯಿತು. ನಮಗೆ ಮತ್ತೆ ಮಕ್ಕಳಾಗಲಿಲ್ಲ. ಜಯಮ್ಮ ನನ್ನನ್ನು ಒಂದು ದಿನವೂ ದೂರಲಿಲ್ಲ. ದೂರಿದ್ದರೆ ಎಷ್ಟೋ ವಾಸಿಯಾಗಿತ್ತು. ಅಷ್ಟು ವರ್ಷವೂ ನನ್ನ ತಲೆಯಲ್ಲಿ ಕಾಳಯ್ಯ ಕೂತಿದ್ದ. ಅಡುಗೆಯವನ ಕಿವಿ ಕಂಡವನಿಗೆ ನನ್ನ ಮಗು ಕಾಣಲಿಲ್ಲವೆ? ಊರಿಗೆ ಹೋದರೆ ಕುತ್ತಿಗೆ ಪಟ್ಟಿ ಹಿಡಿದು ಕೇಳಬೇಕು ಎಂದುಕೊಂಡಿದ್ದೆ.

ಅರವತ್ತರ ದಶಕದ ನಡುವೆ ವಾಪಸು ಬಂದೆವು. ಬಂದ ವಾರದಲ್ಲೇ ಅರಕಲಗೂಡಿಗೆ ಹೋದರೆ ಟ್ರಂಕಿನ ಅಂಗಡಿ ಇರಲಿಲ್ಲ, ಸೈಕಲ್ ಶಾಪು ಬಂದಿತ್ತು. ಕಾಳಯ್ಯ ಚನ್ನರಾಯಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದಾನೆ ಎಂದರು. ಚನ್ನರಾಯಪಟ್ಟಣಕ್ಕೆ ಹೋದರೆ ಮನೆಗೆ ಬೀಗ, ನುಗ್ಗೇಹಳ್ಳಿಗೆ ಹೋಗಿದ್ದಾರೆ ಎಂದರು. ನುಗ್ಗೇಹಳ್ಳಿಗೆ ಹೋದರೆ ಬೆಳಿಗ್ಗೆಯೇ ಹೊರಟರಲ್ಲ ಎಂದರು. ಬಸ್ಸು ಕಾಯುತ್ತ ಕೂತು ಹಲ್ಲು ಕಡಿದೆ. ಐದು ವರ್ಷ ಕಾದವನಿಗೆ ಆ ಮೂರು ಗಂಟೆ ಕಳೆಯುವುದೇ ಕಷ್ಟವಾಯಿತು.

ಮತ್ತೆ ಚನ್ನರಾಯಪಟ್ಟಣ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಕಾಳಯ್ಯ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತ ಕೂತಿದ್ದ. ಮುದುಕನಾಗಿದ್ದ. ನಾನು ಬಾಯಿ ತೆರೆಯುವ ಮೊದಲೇ ಎದ್ದು ನಿಂತು ಕೈ ಮುಗಿದ.

‘ಬನ್ನಿ ಸಾ, ಬನ್ನಿ! ನಿಮ್ ತಮ್ಮಂಗೆ ಎಲ್ಲಾ ಏಳ್ದೆ. ನೀವೇಳಿದ್ರಲ್ಲಿ ಒಂದೂ ಬುಡ್ಲಿಲ್ಲ.’

‘ಯಾವ ತಮ್ಮ?’ ಎಂದೆ.

‘ಅದೇ ಸಾ, ಮೇಷ್ಟ್ರು. ಹೆಂಡ್ತಿ ಮಗೀನ ಕರ್ಕಂಡ್ ಬಂದು ಟ್ರಂಕ್ ತಗಂಡೋದ್ರಲ್ಲ.’

‘ಕಾಳಯ್ಯ, ಆ ಮೇಷ್ಟ್ರು ನಾನೇ.’

ನಾನು ತಮಾಷೆ ಮಾಡುತ್ತಿದ್ದೇನೆಂದು ಅವನು ನಕ್ಕ. ‘ಅವ್ರು ಕರೀ ತಲೆ ಉಡ್ಗ ಸಾ. ನೀವು ಅದುಕ್ಕೂ ಒಂದೊರ್ಸ ಮುಂಚೆ ಬಂದಿದ್ರಿ. ಸಂತೆ ದಿನ, ಮದ್ಯಾನ. ಇದೇ ಬಿಳೀ ತಲೆ, ಇದೇ ಕನ್ನಡ್ಕ.’ ನನ್ನ ಎಡಗೈ ಹಿಡಿದು ತಿರುಗಿಸಿದ. ‘ಇದೂ ನೋಡಿದ್ದೆ. ಯಂಗಾತು ಸಾ ಅಂದೆ, ದೀಪ ಅತ್ಕಂತು ಅಂದ್ರಿ.’

ನನಗೆ ಅಣ್ಣನಿಲ್ಲ. ಮನೆಗೆ ಹಿರಿಯನೇ ನಾನು. ಜಗಲಿಯ ಮೇಲೆ ಕೂತೆ. ‘ನೀನು ಹಡಗಿನಲ್ಲಿ ಹೋಗಿರಲಿಲ್ಲವೇನಯ್ಯ?’ ಎಂದೆ.

‘ನಾನಾ? ಅರಸೀಕೆರೆ ಟೇಸನ್ ದಾಟಿಲ್ಲ ಸಾ.’

ಒಳಗಿನಿಂದ ನೀರು ತಂದ ಮಗಳು, ‘ನಮ್ಮಪ್ಪ ಹರಿಗೋಲು ಹತ್ತಕ್ಕೂ ಹೆದರ್ತದೆ. ಹಡಗಿನ್ ಕತೆ ಮಾತ್ರ ದಿನಾ ಹೇಳ್ತಿತ್ತು’ ಎಂದಳು.

‘ಮರ್ತೋದ್ರೆ?’ ಎಂದ ಕಾಳಯ್ಯ. ‘ನಂಗೆ ಓದಾದು ಬರ್ಯಾದು ಬರಾಕಿಲ್ಲ. ಇವ್ರು ಮೂರ್ ಸತಿ ಬಾಯ್ಪಾಟ ಮಾಡ್ಸಿದ್ರು. ಮೇಷ್ಟ್ರು ಬರೋಗಂಟ ಮರೀಬಾರ್ದು ಅಂತ ಬಂದೋರ್ಗೆಲ್ಲಾ ಏಳ್ತಿದ್ದೆ. ಜನ ನಾನೇ ಓಗ್ಬಂದೆ ಅನ್ಕಂಡ್ರು. ನಾನೂ 'ಅಲ್ಲ' ಅನ್ನಕ್ಕೋಗ್ಲಿಲ್ಲ.’

ಕೇಳಬೇಕಾದದ್ದು ಇನ್ನೂ ಒಂದಿತ್ತು. ‘ಮಗುವಿನ ವಿಷಯ... ಬಂದವರು ಮಗುವಿನ ವಿಷಯ ಏನಾದರೂ ಹೇಳಿದರಾ?’

ಕಾಳಯ್ಯ ಮತ್ತೊಂದು ಕಡಲೆಕಾಯಿ ಸುಲಿದ. ‘ಬಾಗ್ಲತಾವ ಓಗಿ ತಿರುಗಿ ಬಂದ್ರಿ. “ಇನ್ನೊಂದೈತೆ ಕಾಳಯ್ಯ, ಮಗೀಂದು” ಅಂದ್ರಿ. ಏಳಿ ಸಾ ಅಂದೆ. ಸುಮ್ಕೆ ನಿಂತಿದ್ರಿ. ಆಮ್ಯಾಕೆ, “ಬ್ಯಾಡ ಬುಡು. ಅದುನ್ನ ಏಳುದ್ರೆ ಅವ್ನು ಓಗಲ್ಲ” ಅಂದು ಒಂಟೋದ್ರಿ. ಮಗು ಚೆನ್ನಾಗೈತಾ ಸಾ?’

ನಾನು ಏನು ಹೇಳಿದೆನೋ ನೆನಪಿಲ್ಲ. ಬಸ್ಸು ಹತ್ತಿದ್ದೂ ನೆನಪಿಲ್ಲ.

ಮನೆಗೆ ಬಂದು ತಣ್ಣಗಾದ ಮೇಲೆ ನನ್ನ ವಿಜ್ಞಾನವನ್ನೆಲ್ಲ ಅದರ ಮೇಲೆ ಪ್ರಯೋಗಿಸಿದೆ. ಮುದುಕನ ಬುದ್ಧಿ ಕಲಸಿಹೋಗಿರಬಹುದು, ಹಿಂದಿನದಕ್ಕೂ ಇಂದಿನದಕ್ಕೂ ಗಂಟುಹಾಕಿ ಹೇಳಿರಬಹುದು. ಗಾಯವನ್ನು ಆಗ ತಾನೇ ಕಂಡು ಸೇರಿಸಿರಬಹುದು. ಆದರೆ ದೀಪದಿಂದ ಸುಟ್ಟದ್ದೆಂದು ನಾನು ಅವನಿಗೆ ಹೇಳಿರಲಿಲ್ಲ. ನನ್ನನ್ನೇ ಹೋಲುವ ಯಾರೋ ಹಡಗಿನಲ್ಲಿ ಹೋಗಿ ಬಂದವರು ಅವನಿಗೆ ಹೇಳಿರಬಹುದು. ಆದರೆ ಅರ್ಧ ಕಿವಿಯವನು ಸೇರಿದ್ದು ನಮ್ಮ ಪ್ರಯಾಣದಲ್ಲೇ. ಅವನು ನನಗೆ ಸುಳ್ಳು ಹೇಳಿದ್ದರೆ? ಸುಳ್ಳು ಹೇಳಿ ಅವನಿಗೆ ಬರುವುದೇನು? ಹೀಗೆ ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ. ಮತ್ತೊಮ್ಮೆ ಕೂತು ಕೇಳೋಣವೆಂದು ಮುಂದಿನ ತಿಂಗಳು ಚನ್ನರಾಯಪಟ್ಟಣಕ್ಕೆ ಹೋದೆ. ಕಾಳಯ್ಯ ತೀರಿಕೊಂಡು ಒಂಬತ್ತು ದಿನವಾಗಿತ್ತು.

ನಾಚಿಕೆ ಬಿಟ್ಟು ಇನ್ನೊಂದು ಹೇಳುತ್ತೇನೆ. ಸಂತೆಯ ದಿನಗಳಲ್ಲಿ ಮಧ್ಯಾಹ್ನ ಅರಕಲಗೂಡಿಗೆ ಹೋಗಿ ಆ ಸೈಕಲ್ ಶಾಪಿನ ಮುಂದೆ ನಿಂತಿದ್ದೇನೆ. ಒಂದಲ್ಲ, ಎಷ್ಟೋ ಸಲ. ಒಳಗೆ ಕಾಳಯ್ಯ ತಗಡು ಬಡಿಯುತ್ತ ಕೂತಿರಬಹುದೇ ಎಂದು ಇಣುಕಿದ್ದೇನೆ. ಕೂತಿದ್ದರೆ ಈ ಸಲ ನಲ್ಲಿಯೂ ಬೇಡ, ಏಣಿಯೂ ಬೇಡ, ಅದೊಂದನ್ನೇ ಹೇಳಿ ಬರುತ್ತಿದ್ದೆ. ‘ಏನ್ ಬೇಕು ಸಾ, ಪಂಚರ್ರಾ?’ ಎಂದು ಶಾಪಿನವನು ಕೇಳುತ್ತಾನೆ. ಏನಿಲ್ಲ ಎಂದು ಬಸ್ ಸ್ಟ್ಯಾಂಡಿಗೆ ಬರುತ್ತೇನೆ.

ಕಾಲದಲ್ಲಿ ಹಿಂದಕ್ಕೆ ಹೋಗಿ ಕಾಳಯ್ಯನಿಗೆ ಎಲ್ಲ ಹೇಳಿದವನು ನಾನೇ ಎನ್ನುವುದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಆದರೆ ಅವತ್ತು ಬಾಗಿಲಲ್ಲಿ ನಿಂತು ಆಡಿದ ಮಾತು ನನ್ನದಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹೋಗಬೇಕೆಂಬ ಆಸೆ ಹಿಡಿದಿದ್ದ ಆ ಮನುಷ್ಯನನ್ನು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಚನ್ನರಾಯಪಟ್ಟಣದಿಂದ ಬಂದ ರಾತ್ರಿ ಜಯಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಮಧ್ಯೆ ಬಾಯಿ ಹಾಕದೆ ಕೇಳಿದಳು. ಕೊನೆಗೆ, ‘ಮಗೂದು ಏನೂ ಹೇಳಿರಲಿಲ್ವಂತಾ?’ ಎಂದಳು. ‘ಇಲ್ಲವಂತೆ’ ಎಂದೆ. ಬಾಗಿಲಿನ ಮಾತನ್ನು ಅವಳಿಗೆ ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ನಾನು ಬರೆದದ್ದನ್ನೆಲ್ಲ ಮೊದಲು ಓದುವವಳು ಅವಳು. ಇದನ್ನೂ ಓದುತ್ತಾಳೆ.